ರೀಲ್ಸ್ ಓಡ್ತದೆ, ಫೋನ್ ರಿಂಗಾಗೂದಿಲ್ಲ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರದಲ್ಲಿ ಮುಕ್ಕಾಲು ಪಾಲು ಒಂದೇ ಸಂಕಟ. ಆನ್‌ಲೈನ್‌ನಲ್ಲಿ ದಿನಾ ಒಂದು ಹೊಸದು ಬರ್ತದೆ, ಅದ್ರ ಹಿಂದೆ ಓಡೂದಾ ಅಥವಾ ಇದ್ದದ್ದನ್ನೇ ನೆಟ್ಟಗೆ ಮಾಡ್ಕೊಂಡು ಹೋಗೂದಾ ಅಂತ. ಕಾರವಾರ, ಅಂಕೋಲಾ, ಕುಮಟಾದಿಂದ ಬಂದಿದೆ, ಘಟ್ಟದ ಮೇಲೆ ಶಿರಸಿಯಿಂದಲೂ ಬಂದಿದೆ. ಹೆಸರು ಹಾಕ್ಬೇಡಿ ಅಂತ ಸುಮಾರು ಜನ ಕೇಳಿದ್ರಿಂದ ಯಾರದ್ದೂ ಹಾಕ್ಲಿಲ್ಲ, ಊರು ಮತ್ತೆ ಕೆಲಸ ಮಾತ್ರ ಇದೆ.

ಪ್ರಶ್ನೆ: ನಮ್ಮದು ನಾಲ್ಕು ರೂಮಿನ ಹೋಂಸ್ಟೇ, ಯಾಣಕ್ಕೆ ಹೋಗೂ ದಾರಿ ಬದಿ. ಮಗ ಬಿಕಾಂ ಮುಗ್ಸಿ ಮನೆಯಲ್ಲೇ ಇದ್ದಾನೆ, ಇನ್‌ಸ್ಟಾಗ್ರಾಂ ನೋಡ್ಕೊಳ್ಳೂದು ಅವನೇ. ವಾರಕ್ಕೆ ಐದು ರೀಲ್ಸ್ ಹಾಕ್ತಾನೆ, ಯಾವ ಹಾಡು ಟ್ರೆಂಡಿಂಗ್ ಇದ್ಯೋ ಅದನ್ನೇ ಹಾಕಿ. ಮಳೆಗಾಲದ್ದು ಒಂದು ವಿಡಿಯೋ 2 ಲಕ್ಷ ಜನ ನೋಡಿದ್ರು. ಆ ತಿಂಗಳು ಬುಕಿಂಗ್ ಬಂದದ್ದು ಮೂರೇ ಮೂರು, ಅದ್ರಲ್ಲಿ ಎರಡು ಹಳೇ ಗಿರಾಕಿಗಳು. ಈಗ ಡ್ರೋನ್ ತಗೊಳ್ಳೂವಾ ಅಂತಿದ್ದಾನೆ. ಎಂತ ಮಾಡೂದು? (ಹೋಂಸ್ಟೇ ನಡೆಸುವವರು, ಕುಮಟಾ ತಾಲೂಕು)

ಉತ್ತರ: ಅಣ್ಣ, ಡ್ರೋನ್ ಸದ್ಯಕ್ಕೆ ಬೇಡ, ಆ ದುಡ್ಡು ಹಾಗೇ ಇರ್ಲಿ.

ನಿಮ್ಮ ಪತ್ರ ಓದಿದ ರಾತ್ರಿ ನಾನು ಗಿರಾಕಿ ಹಾಗೆ ಕೂತು ನಿಮ್ಮನ್ನ ಹುಡುಕಿದೆ, ಹುಬ್ಬಳ್ಳಿಯಿಂದ ಶನಿವಾರ ಹೆಂಡ್ತಿ ಮಕ್ಕಳನ್ನ ಕರ್ಕೊಂಡು ಹೊರಡೂವವರು ಹೇಗೆ ಹುಡುಕ್ತಾರೋ ಹಾಗೆ. ವಿಡಿಯೋ ಚೆಂದ ಇದೆ, ಮಗನ ಕೈ ಒಳ್ಳೇದಿದೆ, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಪೇಜಿನ ಮೇಲ್ಗಡೆ ಫೋನ್ ನಂಬರಿಲ್ಲ, ಊರಿನ ಹೆಸರಿಲ್ಲ, ಪ್ರಕೃತಿಯ ಮಡಿಲಲ್ಲಿ ಅಂತ ಒಂದು ಸಾಲು ಮತ್ತೆ ಮೂರು ಎಲೆ ಚಿತ್ರ. ಆಯ್ತು ಅಂತ ಗೂಗಲ್ ಮ್ಯಾಪಿಗೆ ಹೋದೆ. ಅಲ್ಲಿ ನಿಮ್ಮ ಪಿನ್ನು ಹಳ್ಳದ ಆಚೆ ದಡದ ಮೇಲೆ ಕೂತಿದೆ, ನೀವು ಪತ್ರದಲ್ಲಿ ಬರೆದ ದಾರಿಗೂ ಅದಕ್ಕೂ ಸಂಬಂಧವೇ ಇಲ್ಲ. ಅಲ್ಲಿದ್ದ ನಂಬರಿಗೆ ಫೋನ್ ಮಾಡಿದೆ, ಅದು ಹಳೇ ಲ್ಯಾಂಡ್‌ಲೈನು, ಹೋಗೂದೇ ಇಲ್ಲ. ಕೊನೆಯ ರಿವ್ಯೂದಲ್ಲಿ ಒಬ್ಬರು ರಾತ್ರಿ ಎಂಟಕ್ಕೆ ಕಾಡಿನಲ್ಲಿ ದಾರಿ ತಪ್ಪಿ ನೆಟ್ವರ್ಕೂ ಇಲ್ಲದೆ ವಾಪಸ್ ಹೋದೆವು ಅಂತ ಬರ್ದಿದ್ದಾರೆ, ಅದಕ್ಕೆ ನಿಮ್ಮ ಕಡೆಯಿಂದ ಒಂದು ಉತ್ತರ ಇಲ್ಲ. ಆ 2 ಲಕ್ಷದಲ್ಲಿ ನಿಜವಾಗ್ಲೂ ಬರ್ಬೇಕು ಅಂತ ಮನಸ್ಸು ಮಾಡಿದ ಹತ್ತು ಮನೆಯವರು ಇದ್ರು ಅಂತ ಇಟ್ಕೊಳ್ಳಿ, ಅವರು ನಿಮ್ಮ ಅಂಗಳದವರೆಗೆ ಮುಟ್ಟೂದು ಹೇಗೆ ಹೇಳಿ?

ಹಾಗಾಗಿ ಮೊದ್ಲು ಗೂಗಲ್ ಬಿಸ್ನೆಸ್ ಪ್ರೊಫೈಲ್, ಅಂದ್ರೆ ಗೂಗಲ್ಲಲ್ಲಿ ಮ್ಯಾಪಲ್ಲಿ ಹುಡುಕಿದ್ರೆ ನಿಮ್ಮ ಹೆಸರು, ನಂಬರ್, ದಾರಿ ಕಾಣೂ ಪುಟ, ಅದನ್ನ ಸರಿ ಮಾಡಿ. ಇದಕ್ಕೆ ಮೊದ್ಲು ಗೂಗಲ್ ಮೈ ಬಿಸ್ನೆಸ್ ಅಂತಿದ್ರು, 2021ರ ನವೆಂಬರಲ್ಲಿ ಹೆಸರು ಬದ್ಲಾಯ್ತು, ಒಳಗಿನ ಕೆಲಸ ಬದ್ಲಾಗ್ಲಿಲ್ಲ, ಒಂದು ರೂಪಾಯಿ ಖರ್ಚೂ ಇಲ್ಲ. ಪಿನ್ನನ್ನ ಸ್ವತಃ ಗೇಟ್ ಹತ್ರ ನಿಂತು ಸರಿ ಮಾಡಿ, ಮನೆಯೊಳಗೆ ಕೂತು ಅಂದಾಜಿನ ಮೇಲೆ ಬೇಡ. ಯಾವ ಫೋನನ್ನ ಮನೆಯಲ್ಲಿ ಯಾರಾದ್ರೂ ಎತ್ತುತ್ತಾರೋ ಆ ನಂಬರ್ ಹಾಕಿ. ಬಚ್ಚಲು, ಹಾಸಿಗೆ, ಕಾರ್ ನಿಲ್ಸೂ ಜಾಗ, ಮಧ್ಯಾಹ್ನದ ಊಟ, ಇವುಗಳ ಫೋಟೋ ಇರ್ಲಿ, ಯಾಕಂದ್ರೆ ಜಲಪಾತದ ಫೋಟೋ ನೋಡಿ ಆಸೆ ಪಡ್ತಾರೆ, ಬಚ್ಚಲಿನ ಫೋಟೋ ನೋಡಿ ಅಡ್ವಾನ್ಸ್ ಹಾಕ್ತಾರೆ. ಮತ್ತೆ ದಾರಿ ತಪ್ಪಿದವರಿಗೆ ಇವತ್ತೇ ಉತ್ತರ ಬರೀರಿ, ತಪ್ಪಾಯ್ತು, ಲೊಕೇಶನ್ ಸರಿ ಮಾಡಿದ್ದೇವೆ, ಮೇನ್ ರೋಡಿಂದ ಹೀಗೆ ಬನ್ನಿ ಅಂತ. ಅದನ್ನ ಓದೂದು ಅವರೊಬ್ಬರೇ ಅಲ್ಲ, ಮುಂದೆ ಬರೂವವರೆಲ್ಲ ಓದ್ತಾರೆ.

ಇನ್ನು ಮಗನ ವಿಷಯ. ಬೈಬೇಡಿ ದಯವಿಟ್ಟು. ಅವನ ಹತ್ರ ಇನ್‌ಸ್ಟಾಗ್ರಾಂನಲ್ಲೇ ಇರೂ ಇನ್‌ಸೈಟ್ಸ್ ಅನ್ನೋ ಲೆಕ್ಕ ತೆಗ್ಸಿ, ನಿಮ್ಮ ಅಕೌಂಟ್ ನೋಡೂವವರು ಹೆಚ್ಚಾಗಿ ಯಾವ ಊರಿನವರು ಅಂತ ಅದ್ರಲ್ಲಿ ಬರ್ತದೆ. ನಿಮ್ಮ ಗಿರಾಕಿಗಳು ಹುಬ್ಬಳ್ಳಿ, ಬೆಳಗಾವಿ, ಬೆಂಗಳೂರು, ಗೋವಾದವರು ಅಂತ ನೀವೇ ಬರ್ದಿದ್ದೀರಿ, ನೋಡಿದವರು ಬೇರೆಲ್ಲೋ ದೂರದ ರಾಜ್ಯದವರಾದ್ರೆ ಆ ಸಂಖ್ಯೆ ನೋಡಿ ಖುಷಿ ಪಡಬಹುದು, ರೂಮ್ ತುಂಬೂದಿಲ್ಲ. ಇನ್ನೊಂದು, ಬಿಸ್ನೆಸ್ ಅಕೌಂಟಿಗೆ ಇನ್‌ಸ್ಟಾಗ್ರಾಂ ಎಲ್ಲ ಸಿನಿಮಾ ಹಾಡನ್ನೂ ಕೊಡೂದಿಲ್ಲ, ವ್ಯಾಪಾರಕ್ಕೆ ಹಾಡು ಬಳಸ್ಲಿಕ್ಕೆ ಬೇರೆ ಹಕ್ಕು ಬೇಕು, ಟ್ರೆಂಡಿಂಗ್ ಹಾಡೇ ಬೇಕು ಅಂತ ಹಟ ಹಿಡಿದ್ರೆ ಒಂದು ದಿನ ವಿಡಿಯೋದ ಆಡಿಯೋನೇ ಹೋಗಬಹುದು. ಮೇನ್ ರೋಡಿಂದ ತಿರುಗಿ ಮನೆ ಮುಟ್ಟುವವರೆಗಿನ ದಾರಿ ಒಂದು ನಿಮಿಷದ ವಿಡಿಯೋ ಮಾಡ್ಲಿ ಅವನು, ಜುಲೈದಲ್ಲಿ ಉಂಬಳ (ಜಿಗಣೆ) ಎಷ್ಟಿರ್ತದೆ ಅಂತ ಕಾಲು ತೋರಿಸಿ ಮಾಡ್ಲಿ, ಅಜ್ಜಿ ದೋಸೆ ಹೊಯ್ಯೂದನ್ನ ಮಾಡ್ಲಿ, ಹಾಡು ಬೇಡ, ಕಾವಲಿ ಸದ್ದೇ ಸಾಕು. ಟ್ರೆಂಡಿನದ್ದು ವಾರಕ್ಕೊಂದು ಇರ್ಲಿ ಬೇಕಾದ್ರೆ.

ಕೊನೆಗೆ ಒಂದು ನೋಟ್‌ಬುಕ್. ಬಂದ ಪ್ರತಿ ಮನೆಯವರಿಗೂ ನಮ್ಮ ಬಗ್ಗೆ ಹೇಗೆ ಗೊತ್ತಾಯ್ತು ಅಂತ ಕೇಳಿ ಬರ್ಕೊಳ್ಳಿ, ಅವರ ನಂಬರ್, ಊರು, ಮಕ್ಕಳೆಷ್ಟು, ಯಾವ ತಿಂಗಳು ಬಂದಿದ್ರು ಎಲ್ಲ. ನಿಮ್ಮ ಮೂರರಲ್ಲಿ ಎರಡು ಬುಕಿಂಗ್ ಹಳೇ ಗಿರಾಕಿಗಳದ್ದು ಅಂದ್ರೆ ನಿಮ್ಮ ಹೋಂಸ್ಟೇಯ ನಿಜವಾದ ಆಸ್ತಿ ಎಲ್ಲಿದೆ ಅಂತ ನಿಮ್ಮ ಪತ್ರದಲ್ಲೇ ಇದೆ. 2020ರ ಜೂನ್ 29ಕ್ಕೆ ಸರ್ಕಾರ ಟಿಕ್‌ಟಾಕ್ ಸೇರಿ 59 ಆ್ಯಪ್ ಬಂದ್ ಮಾಡ್ತು, ಅಲ್ಲಿ ವರ್ಷಗಟ್ಟಲೆ ಫಾಲೋವರ್ಸ್ ಕೂಡಿಸಿದವರ ಹತ್ರ ಆ ಜನರ ಫೋನ್ ನಂಬರ್ ಇರ್ಲಿಲ್ಲ, ಹೊಸ ಜಾಗಕ್ಕೆ ಕರೀಲಿಕ್ಕೂ ದಾರಿ ಇಲ್ಲ. ನೋಟ್‌ಬುಕ್ಕನ್ನ ಯಾರೂ ಬಂದ್ ಮಾಡ್ಲಿಕ್ಕೆ ಬರೂದಿಲ್ಲ.

ಪ್ರಶ್ನೆ: 5 ಸಾವಿರ ಕೊಟ್ರೆ 200 ಫೈವ್ ಸ್ಟಾರ್ ರಿವ್ಯೂ ಹಾಕ್ಸಿ ಕೊಡ್ತೇವೆ ಅಂತ ಒಬ್ಬರು ಫೋನ್ ಮಾಡ್ತಿದ್ದಾರೆ. ಎಲ್ಲರೂ ಮಾಡ್ತಾರಂತೆ. ಹಾಕ್ಸಬಹುದಾ? (ಹೋಟೆಲ್, ಹೊನ್ನಾವರ)

ಉತ್ತರ: ಬೇಡ. ಗೂಗಲ್ಲಿನ ನಿಯಮದಲ್ಲೇ ಇದು ನಿಷಿದ್ಧ, ಸಿಕ್ಕಿಬಿದ್ರೆ ಖೊಟ್ಟಿ ರಿವ್ಯೂ ಅಷ್ಟನ್ನೂ ತೆಗೀತಾರೆ, ಪ್ರೊಫೈಲಿಗೇ ಪೆಟ್ಟು ಬೀಳಬಹುದು. ನಮ್ಮ ದೇಶದಲ್ಲೂ 2022ರಲ್ಲಿ ಆನ್‌ಲೈನ್ ರಿವ್ಯೂಗೆ ಅಂತಲೇ ಐಎಸ್ 19000 ಅನ್ನೋ ಮಾನಕ ಬಂದಿದೆ, ದುಡ್ಡು ಕೊಟ್ಟು ಬರೆಸಿದ ರಿವ್ಯೂ ತಡೀಬೇಕು ಅಂತಲೇ ಅದನ್ನ ಮಾಡಿದ್ದು. ಊಟ ಮಾಡಿ ಕೈ ತೊಳೆದು ಬಿಲ್ ಕೊಡ್ಲಿಕ್ಕೆ ಬಂದವರ ಹತ್ರ, ಚೊಲೋ ಇತ್ತಾ, ಒಂದು ಸಾಲು ಬರೀತೀರಾ ಅಂತ ನೀವೇ ಕೇಳಿ. ದಿನಕ್ಕೆ ಒಬ್ಬರು ಬರೆದ್ರೂ ವರ್ಷಕ್ಕೆ ಮುನ್ನೂರು ದಾಟ್ತದೆ.

ಪ್ರಶ್ನೆ: ನಾವು ಆರು ಜನ ಹೆಂಗಸರು ಸೇರಿ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ತೊಡೆದೇವು ಮಾಡ್ತೇವೆ. ಎರಡು ವರ್ಷದ ಹಿಂದೆ ಸಣ್ಣ ವೆಬ್‌ಸೈಟ್ ಮಾಡ್ಸಿದ್ವಿ. ಈಗ ಒಂದು ಏಜೆನ್ಸಿಯವರು ಬಂದು ಇನ್ನು ಮುಂದೆ ಯಾರೂ ಗೂಗಲ್ ಮಾಡೂದಿಲ್ಲ, ಎಲ್ಲ ಎಐ ಹತ್ರ ಕೇಳ್ತಾರೆ, ನಿಮ್ಮ ವೆಬ್‌ಸೈಟ್ ವೇಸ್ಟ್, ಎಐ ಪ್ಯಾಕೇಜ್ ತಗೊಳ್ಳಿ ಅಂತ 40 ಸಾವಿರ ಹೇಳಿದ್ದಾರೆ. ಹೆದರಿಕೆ ಆಗಿದೆ. (ಮಹಿಳಾ ಸಂಘ, ಶಿರಸಿ)

ಉತ್ತರ: ಅಕ್ಕ, ಹೆದರಬೇಡಿ. ಮೊದ್ಲು ಲೆಕ್ಕ ಹಾಕುವಾ. ಒಂದು ಬಾಟಲಿ ಮೇಲೆ ನಿಮಗೆ ಎಲ್ಲ ಕಳೆದು 80 ರೂಪಾಯಿ ಉಳೀತದೆ ಅಂತ ಬರ್ದಿದ್ದೀರಿ. 40 ಸಾವಿರ ಹುಟ್ಟಬೇಕು ಅಂದ್ರೆ 500 ಬಾಟಲಿ ಹೆಚ್ಚಿಗೆ ಮಾರಬೇಕು. ನೀವು ಇಡೀ ಮಿಡಿ ಸೀಸನ್ನಿಗೆ ಮಾಡೂದೇ 800. ಆ ಏಜೆನ್ಸಿಯವರ ಹತ್ರ, 500 ಬಾಟಲಿ ಹೆಚ್ಚಿಗೆ ಮಾರಾಟ ಆಗ್ತದೆ ಅಂತ ಬರ್ದು ಕೊಡ್ತೀರಾ ಕೇಳಿ ನೋಡಿ.

ಅವರು ಹೇಳೂದ್ರಲ್ಲಿ ನಿಜವೂ ಇದೆ, ಅದನ್ನ ಮುಚ್ಚಿಡೂದಿಲ್ಲ. ಚಾಟ್‌ಜಿಪಿಟಿ ಬಂದದ್ದು 2022ರ ನವೆಂಬರಲ್ಲಿ, ಗೂಗಲ್ಲೇ ಹುಡುಕಾಟದ ಮೇಲ್ಗಡೆ ಎಐ ಉತ್ತರ ಕೊಡೂದನ್ನ ಇಂಡಿಯಾದಲ್ಲಿ 2024ರ ಆಗಸ್ಟಲ್ಲಿ ಶುರು ಮಾಡ್ತು, ಎಷ್ಟೋ ಜನ ಈಗ ಆ ಉತ್ತರ ಓದಿ ಅಲ್ಲೇ ನಿಲ್ತಾರೆ, ಕೆಳಗಿನ ಸೈಟಿಗೆ ಬರೂದಿಲ್ಲ. ಆದ್ರೆ ಆ ಎಐ ಉತ್ತರ ಎಲ್ಲಿಂದ ಬರ್ತದೆ ಅಂತ ಯೋಚನೆ ಮಾಡಿ ಅಕ್ಕ, ಯಾರೋ ಎಲ್ಲೋ ಬರೆದಿಟ್ಟದ್ದರಿಂದಲೇ ಬರ್ತದೆ. ತನ್ನ ಎಐ ಉತ್ತರದಲ್ಲಿ ಕಾಣಿಸ್ಕೊಳ್ಳಲಿಕ್ಕೆ ಬೇರೆ ವಿಶೇಷ ತಯಾರಿ ಏನೂ ಬೇಡ, ಹುಡುಕಾಟಕ್ಕೆ ಮೊದಲಿಂದ ಬೇಕಾದ್ದೇ ಇದಕ್ಕೂ ಸಾಕು ಅಂತ ಗೂಗಲ್ ತಾನೇ ವೆಬ್‌ಸೈಟ್ ಮಾಡೂವವರಿಗೆ ಬರ್ದು ತಿಳಿಸಿದೆ. ಬಿಟ್ಟಿ ಸಿಗೂ ಸಲಹೆಗೆ 40 ಸಾವಿರ ಯಾಕೆ?

ಇದು ಮೊದಲನೇ ಸಲ ಆಗೂದಲ್ಲ. ಹಿಂದೆ ಒಂದು ಕಾಲದಲ್ಲಿ ಸಾವಿರ ಸೈಟಿಂದ ಲಿಂಕ್ ಖರೀದಿ ಮಾಡಿದ್ರೆ ಗೂಗಲ್ಲಲ್ಲಿ ಮೇಲೆ ಬರ್ತೀರಿ ಅಂತ ಮಾರ್ತಿದ್ರು, ಬಂದದ್ದೂ ಹೌದು ಸ್ವಲ್ಪ ದಿನ. ಗೂಗಲ್ ತನ್ನ ಹುಡುಕಾಟದ ನಿಯಮ ಬದ್ಲಾಯಿಸಿ 2011ರಲ್ಲಿ ಪಾಂಡಾ ಅಂತ ಒಂದು ಅಪ್‌ಡೇಟ್ ತಂತು, 2012ರಲ್ಲಿ ಪೆಂಗ್ವಿನ್ ಅಂತ ಇನ್ನೊಂದು, ಕದ್ದು ಬರೆದವರು ಜೊಳ್ಳು ಬರೆದವರು ಲಿಂಕ್ ಕೊಂಡವರು ಎಲ್ಲ ಕೆಳಗೆ ಹೋದ್ರು. ಆ ಹೊತ್ತಿಗೆ ಪ್ಯಾಕೇಜ್ ಮಾರಿದವರ ಫೋನ್ ಸ್ವಿಚ್ಡ್ ಆಫ್, ನಾನು ಆಗ ಕೆಲಸ ಕಲೀತಿದ್ದೆ, ಒಬ್ಬ ಅಂಗಡಿಯವರ ಕಣ್ಣಲ್ಲಿ ನೀರು ನೋಡಿದ್ದೇನೆ, ಅದು ಇವತ್ತಿಗೂ ಮರೆತಿಲ್ಲ.

ನಿಮ್ಮ ಸೈಟ್ ನೋಡಿದೆ. ಮನೆರುಚಿ, ಸಾಂಪ್ರದಾಯಿಕ, ಆರೋಗ್ಯಕರ ಅಂತ ಮೂರು ಪ್ಯಾರಾ ಇದೆ, ಉಪ್ಪಿನಕಾಯಿ ಎಷ್ಟು ಗ್ರಾಮು ಅಂತಲೇ ಇಲ್ಲ. ನಿಮಗೆ ದಿನಾ ಫೋನ್ ಮಾಡಿ ಜನ ಎಂತ ಕೇಳ್ತಾರೆ? ಮಿಡಿ ಯಾವ ಊರಿನದ್ದು, ಎಣ್ಣೆ ಹಾಕಿದ್ದಾ ಇಲ್ವಾ, ಎಷ್ಟು ತಿಂಗಳು ಇರ್ತದೆ, ಫ್ರಿಜ್ಜಲ್ಲಿ ಇಡಬೇಕಾ, ಬೆಂಗಳೂರಿಗೆ ಎಷ್ಟು ದಿನ, ಕೊರಿಯರಲ್ಲಿ ಒಡೀತದಾ. ಇದನ್ನೇ ಒಂದೊಂದು ಪ್ರಶ್ನೆ ಬರ್ದು ಕೆಳಗೆ ನಿಮ್ಮ ಮಾತಲ್ಲೇ ಉತ್ತರ ಬರೀರಿ, ಕನ್ನಡದಲ್ಲೂ ಇಂಗ್ಲಿಷಲ್ಲೂ. ಎಣ್ಣೆ ಇಲ್ಲದೆ ಬರೀ ಉಪ್ಪು, ಸಾಸಿವೆ, ಮೆಣಸಲ್ಲಿ ನಿಲ್ಲೂ ಮಿಡಿ ಉಪ್ಪಿನಕಾಯಿ ಅಂದ್ರೆ ಬಯಲುಸೀಮೆಯವರಿಗೆ ಆಶ್ಚರ್ಯ, ಅದನ್ನ ನೀವು ಹೇಳದೆ ಇನ್ಯಾರು ಹೇಳ್ಬೇಕು? ಅಪ್ಪೆಮಿಡಿಗೆ ಜಿಐ ಮಾನ್ಯತೆ, ಅಂದ್ರೆ ಇದು ಈ ಪ್ರದೇಶದ್ದೇ ವಿಶೇಷ ಅನ್ನೋ ಸರ್ಕಾರಿ ಗುರುತು ಇದೆ, ಅದೂ ಒಂದು ಸಾಲು ಬರ್ಲಿ. ತೊಡೆದೇವು ಮಡಕೆ ಮೇಲೆ ಹೇಗೆ ಎಳೀತಾರೆ ಅಂತ ಬರೀರಿ, ಮುರಿದು ಹೋಗದ ಹಾಗೆ ಪ್ಯಾಕ್ ಹೇಗೆ ಮಾಡ್ತೀರಿ ಅಂತ ಫೋಟೋ ಹಾಕಿ. ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐದ 14 ಅಂಕಿಯ ನಂಬರ್ ಬಾಟಲಿ ಮೇಲೆ ಇದೆ ಅಂದಿದ್ರಿ, ಸೈಟಲ್ಲೂ ಕಾಣ್ಲಿ. ಮನುಷ್ಯ ಓದಿದ್ರೂ ಇದೇ ಬೇಕು, ಗೂಗಲ್ ಓದಿದ್ರೂ ಎಐ ಓದಿದ್ರೂ ಇದೇ ಬೇಕು.

ಸೈಟ್ ಮಾತ್ರ ಬಿಡ್ಬೇಡಿ. ಗೂಗಲ್ಲೇ ಸಣ್ಣ ವ್ಯಾಪಾರದವರಿಗೆ ಫ್ರೀ ವೆಬ್‌ಸೈಟ್ ಮಾಡ್ಲಿಕ್ಕೆ ಕೊಟ್ಟಿತ್ತು, 2024ರ ಮಾರ್ಚಿಗೆ ಅದನ್ನ ನಿಲ್ಲಿಸ್ತು, ಅದೊಂದನ್ನೇ ನಂಬಿದವರ ಸೈಟ್ ಹೋಯ್ತು. ನಿಮ್ಮದು ಸ್ವಂತ ಹೆಸರಿನ ಡೊಮೈನ್ (ಸೈಟಿನ ವಿಳಾಸ), ವರ್ಷಕ್ಕೆ ಸಾವಿರದ ಆಸುಪಾಸು ಕಟ್ಟಿದ್ರೆ ನಿಮ್ಮದೇ ಇರ್ತದೆ. ಒಂದು ಮಾತು, ಆ ಡೊಮೈನ್ ನಿಮ್ಮ ಸಂಘದ ಹೆಸರಲ್ಲೇ ಇದ್ಯಾ ಅಥವಾ ಸೈಟ್ ಮಾಡಿಕೊಟ್ಟ ಹುಡುಗನ ಇಮೇಲಲ್ಲಿ ಇದ್ಯಾ ಅಂತ ಈ ವಾರವೇ ನೋಡ್ಕೊಳ್ಳಿ.

ಪ್ರಶ್ನೆ: ಬೆಳಿಗ್ಗೆ ಬೈತಖೋಲದಿಂದ ಮೀನು ತಂದು ಮನೆ ಮನೆಗೆ ಕೊಡ್ತೇನೆ. ವಾಟ್ಸಾಪ್ ಚಾನೆಲ್ ಮಾಡಿ, ಯೂಟ್ಯೂಬ್ ಶಾರ್ಟ್ಸ್ ಮಾಡಿ ಅಂತೆಲ್ಲ ಹೇಳ್ತಾರೆ. ನನಗೆ ಟೈಮ್ ಇರೂದೇ ಬೆಳಿಗ್ಗೆ ಹತ್ತು ನಿಮಿಷ. (ಮೀನು ವ್ಯಾಪಾರ, ಕಾರವಾರ)

ಉತ್ತರ: ಹತ್ತು ನಿಮಿಷ ಧಾರಾಳ ಸಾಕು ತಮ್ಮ. ವಾಟ್ಸಾಪ್ ಬಿಸ್ನೆಸ್ ಹಾಕ್ಕೋ, ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡು, ಒಂದೇ ಮೆಸೇಜ್ ಎಲ್ಲರಿಗೂ ಬೇರೆ ಬೇರೆಯಾಗಿ ಹೋಗ್ತದೆ. ಒಂದು ಲಿಸ್ಟಲ್ಲಿ 256 ಜನ ಹಿಡೀತಾರೆ, ಆದ್ರೆ ಯಾರು ನಿನ್ನ ನಂಬರ್ ಸೇವ್ ಮಾಡ್ಕೊಂಡಿದ್ದಾರೋ ಅವರಿಗೆ ಮಾತ್ರ ಮೆಸೇಜ್ ಹೋಗ್ತದೆ, ಇದು ಸುಮಾರು ಜನಕ್ಕೆ ಗೊತ್ತಿಲ್ಲ, ಹಾಗಾಗಿ ಮೀನು ಕೊಟ್ಟಾಗಲೇ ಅಕ್ಕ ನನ್ನ ನಂಬರ್ ಸೇವ್ ಮಾಡ್ಕೊಳ್ಳಿ ಅಂತ ಎದುರೇ ಮಾಡ್ಸು. ಏಳು ಗಂಟೆಯೊಳಗೆ ಬುಟ್ಟಿಯ ಒಂದು ಫೋಟೋ, ಇವತ್ತು ಬಂಗಡೆ ಇಷ್ಟು, ಇಸ್ವಾಣ ಇಷ್ಟು, ಶೆಟ್ಲಿ ಇಲ್ಲ, ಇಷ್ಟೇ. ಇಲ್ಲದ್ದನ್ನ ಇಲ್ಲ ಅಂತ ಹೇಳೂದು ಬಹಳ ಮುಖ್ಯ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟ್ ಬಂದ್ ಇರ್ತದಲ್ಲ, ಆವಾಗ ಸುಮ್ಮನಾಗ್ಬೇಡ, ಒಣಮೀನು ಇದ್ರೆ ಅದನ್ನ ಹಾಕು, ಇಲ್ಲಾಂದ್ರೆ ಹೊಳೆ ಮೀನು ಸಿಕ್ಕಿದ ದಿನ ಹೇಳು. ಎರಡು ತಿಂಗಳು ಮಾತಾಡದಿದ್ರೆ ಆಗಸ್ಟಲ್ಲಿ ಅವರು ಬೇರೆಯವರ ಗಿರಾಕಿ ಆಗಿರ್ತಾರೆ. ಚಾನೆಲ್ಲು ಶಾರ್ಟ್ಸು ಎಲ್ಲ ಈಗ ಬೇಡ.

ಪ್ರಶ್ನೆ: ನಾನು ಡಿಜಿಟಲ್ ಮಾರ್ಕೆಟಿಂಗ್ ಕೋರ್ಸ್ ಮುಗ್ಸಿ ಒಂದು ವರ್ಷ ಆಯ್ತು, ಮನೆಯಿಂದಲೇ ಬೆಂಗಳೂರಿನ ಎರಡು ಕಂಪನಿಗೆ ಕೆಲಸ ಮಾಡ್ತೇನೆ. ವಾರಕ್ಕೊಂದು ಹೊಸ ಟೂಲ್ ಬರ್ತದೆ. ಕಲಿಯದಿದ್ರೆ ಹಿಂದೆ ಬೀಳ್ತೇನೆ ಅಂತ ರಾತ್ರಿ ನಿದ್ದೆ ಬರೂದಿಲ್ಲ. ಎಂತ ಕಲೀಲಿ? (ಶಿರಸಿ ಹತ್ರದ ಹಳ್ಳಿ)

ಉತ್ತರ: ತಂಗಿ, ನಿದ್ದೆ ಬಿಡೂದು ಬೇಡ. ನೀನು ಬರೆದ ಹೆದರಿಕೆ ನನಗೂ ಇತ್ತು, ಈಗಲೂ ಒಮ್ಮೊಮ್ಮೆ ಬರ್ತದೆ.

ಎರಡು ಸಂಗತಿ ಹೇಳ್ತೇನೆ ಕೇಳು. ಸೈಟಿಗೆ ಎಷ್ಟು ಜನ ಬಂದ್ರು ಅಂತ ಎಣಿಸೂ ಗೂಗಲ್ ಅನಾಲಿಟಿಕ್ಸ್‌ನ ಹಳೇ ಆವೃತ್ತಿ 2023ರ ಜುಲೈ 1ಕ್ಕೆ ಲೆಕ್ಕ ಹಿಡಿಯೂದು ನಿಲ್ಸಿತು, ಎಲ್ಲರೂ ಜಿಎ4 ಅನ್ನೋ ಹೊಸ ಆವೃತ್ತಿಗೆ ಹೋಗ್ಬೇಕಾಯ್ತು. ಯಾವ ಬಟನ್ ಎಲ್ಲಿದೆ ಅಂತ ಮಾತ್ರ ಕಲಿತವರು ತಿಂಗಳುಗಟ್ಟಲೆ ಒದ್ದಾಡಿದ್ರು, ಈ ಅಂಗಡಿಗೆ ಎಂತ ಎಣಿಸ್ಬೇಕು ಅಂತ ಗೊತ್ತಿದ್ದವರು ಒಂದು ವಾರ ಗೊಣಗಿ ಕೆಲಸ ಮುಂದುವರ್ಸಿದ್ರು. ಎರಡನೇದು ಕುಕ್ಕಿ ಕಥೆ. ಕ್ರೋಮ್ ಬ್ರೌಸರಲ್ಲಿ ಥರ್ಡ್ ಪಾರ್ಟಿ ಕುಕ್ಕಿ, ಅಂದ್ರೆ ಜನ ಯಾವ ಯಾವ ಸೈಟ್ ನೋಡ್ತಾರೆ ಅಂತ ಜಾಹೀರಾತಿನವರು ಬೆನ್ನು ಹತ್ತೂ ಗುರುತು, ಅದನ್ನ ಎರಡು ವರ್ಷದಲ್ಲಿ ತೆಗೀತೇವೆ ಅಂತ ಗೂಗಲ್ ಹೇಳಿದ್ದು 2020ರ ಜನವರಿಯಲ್ಲಿ. ಅದ್ರ ಮೇಲೆ ಎಷ್ಟು ಕೋರ್ಸು, ಎಷ್ಟು ವೆಬಿನಾರು! ಮುಂದೆ ಹಾಕಿದ್ರು, ಮತ್ತೆ ಮುಂದೆ ಹಾಕಿದ್ರು, 2024ರ ಜುಲೈದಲ್ಲಿ ಪೂರ್ತಿ ತೆಗಿಯೂದಿಲ್ಲ ಅಂದ್ರು. ನಾಲ್ಕೂವರೆ ವರ್ಷ ಆಯ್ತು. ಆ ಹೆದರಿಕೆಯಲ್ಲಿ ಸ್ವಂತ ಗಿರಾಕಿಗಳ ಇಮೇಲ್, ಫೋನ್ ಪಟ್ಟಿ ಸರಿ ಮಾಡ್ಕೊಂಡವರಿಗೆ ಮಾತ್ರ ಲಾಭ ಆಯ್ತು, ಅದು ಕುಕ್ಕಿ ಇದ್ರೂ ಬೇಕು ಹೋದ್ರೂ ಬೇಕು.

ನೀನು ಲೆಕ್ಕ ಕಲಿ. 3 ಸಾವಿರ ರೂಪಾಯಿ ಆ್ಯಡ್ ಹಾಕಿದೆ, 60 ಮೆಸೇಜ್ ಬಂತು, 9 ಆರ್ಡರ್ ಆಯ್ತು ಅಂತ ಇಟ್ಕೋ. ಒಂದು ಮೆಸೇಜಿಗೆ 50 ರೂಪಾಯಿ, ಕೇಳ್ಲಿಕ್ಕೆ ಚೆಂದ, ರಿಪೋರ್ಟಲ್ಲಿ ಹಾಕ್ಲಿಕ್ಕೂ ಚೆಂದ. ಒಂದು ಆರ್ಡರಿಗೆ 333 ಆಯ್ತು. ಆ ಸಾಮಾನಲ್ಲಿ ಅಂಗಡಿಯವರಿಗೆ ಉಳಿಯೂದು 150 ಆದ್ರೆ ನೀನು ಅವರಿಗೆ ಪ್ರತಿ ಆರ್ಡರಿಗೂ 183 ರೂಪಾಯಿ ಲುಕ್ಸಾನು ಮಾಡ್ಸಿದ್ದೀ. ಆ 9 ಜನ ಮತ್ತೆ ಮತ್ತೆ ಬರೂವವರಾದ್ರೆ ಅದೇ ಲೆಕ್ಕ ಲಾಭಕ್ಕೆ ತಿರುಗ್ತದೆ. ಇದನ್ನ ಹೇಳಬಲ್ಲ ಹುಡುಗಿಯನ್ನ ಯಾವ ಮಾಲೀಕರೂ ಬಿಡೂದಿಲ್ಲ. ನೂರು ವರ್ಷದ ಹಿಂದೆ ಅಮೆರಿಕದ ಪೇಪರಲ್ಲಿ ಕೂಪನ್ ಕತ್ತರಿಸಿ ಕಳಿಸಿ ಅಂತ ಜಾಹೀರಾತು ಹಾಕಿ, ಯಾವ ಪೇಪರಿಂದ ಎಷ್ಟು ಕೂಪನ್ ಬಂತು ಅಂತ ಎಣಿಸ್ತಿದ್ರು, ಈಗ ಕೂಪನ್ ಜಾಗದಲ್ಲಿ ಲಿಂಕ್ ಇದೆ ಅಷ್ಟೇ.

ಮತ್ತೆ ಬರವಣಿಗೆ. ಕನ್ನಡದಲ್ಲಿ ನಾಲ್ಕು ಸಾಲು, ಓದಿದವರು ಕೊಳ್ಳಬೇಕು ಅನ್ನೋ ಹಾಗೆ ಬರಿಯೂದನ್ನ ಕಲಿ, ಎಐ ಸಹಾಯ ತಗೋ, ಆದ್ರೆ ಗಿರಾಕಿಯ ಮಾತು ನಿನ್ನ ಕಿವಿಯಿಂದಲೇ ಬರಬೇಕು. ಎರಡು ವರ್ಷಕ್ಕೊಮ್ಮೆ ನಿಮ್ಮ ಶಿರಸಿಯಲ್ಲಿ ಮಾರಿಕಾಂಬಾ ಜಾತ್ರೆ ಆಗ್ತದಲ್ಲ, ಬಳೆ ಅಂಗಡಿ ಮುಂದೆ ಒಂದು ತಾಸು ನಿಂತು ಕೇಳು, ಯಾವ ಮಾತಿಗೆ ಹೆಂಗಸರು ನಿಲ್ತಾರೆ, ಯಾವ ಮಾತಿಗೆ ಕೈ ಮುಂದೆ ಮಾಡ್ತಾರೆ ಅಂತ. ಜಾತ್ರೆ ದೂರ ಇದ್ರೆ ಪೇಟೆಯ ಒಂದು ಕಿರಾಣಿ ಅಂಗಡಿ ಗಲ್ಲೆ ಹತ್ರ ಒಂದು ದಿನ ಕೂರು. ಹೊಸ ಟೂಲ್‌ಗೆ ತಿಂಗಳಲ್ಲಿ ಒಂದು ಭಾನುವಾರ ಇಟ್ಕೋ. ಉಳಿದ ಭಾನುವಾರ ನಿದ್ದೆ ಮಾಡು.

ಪ್ರಶ್ನೆ: ನೀವು ಪ್ರತಿ ಸಲ ಬೇಸಿಕ್ಸ್ ಬೇಸಿಕ್ಸ್ ಅಂತೀರಿ. ನಮ್ಮ ಬೀದಿಯಲ್ಲೇ ಇನ್ನೊಂದು ಅಂಗಡಿಯವರು ಸೀರೆ ತೋರ್ಸೂ ರೀಲ್ಸ್ ಮಾಡಿ ಗೋವಾ, ಬೆಳಗಾವಿಯಿಂದ ಆರ್ಡರ್ ತಗೊಳ್ತಿದ್ದಾರೆ. ನಾವು ಬೇಸಿಕ್ಸ್ ಮಾಡ್ತಾ ಕೂತ್ರೆ ಅಂಗಡಿ ಮುಚ್ಚೂದೇ ಸೈ. (ಬಟ್ಟೆ ಅಂಗಡಿ, ಕಾರವಾರ)

ಉತ್ತರ: ನೀವು ಕೇಳಿದ್ದು ನ್ಯಾಯವಾದ ಪ್ರಶ್ನೆ ಸರ್, ಇದಕ್ಕೆ ನನ್ನ ತಪ್ಪಿಂದಲೇ ಶುರು ಮಾಡ್ತೇನೆ. 2020ರ ಜುಲೈದಲ್ಲಿ ಇನ್‌ಸ್ಟಾಗ್ರಾಂ ರೀಲ್ಸ್ ಇಂಡಿಯಾಕ್ಕೆ ಬಂದಾಗ ಒಂದು ಬಟ್ಟೆ ಅಂಗಡಿಯವರು ನನ್ನ ಹತ್ರ ಮಾಡ್ಲಾ ಅಂತ ಕೇಳಿದ್ರು, ಇದು ಮೂರು ತಿಂಗಳ ಆಟ, ಬೇಡ ಅಂದೆ. ಅವರು ನನ್ನ ಮಾತು ನಂಬಿ ಎರಡು ವರ್ಷ ಕಾದ್ರು. ಆ ಎರಡು ವರ್ಷದಲ್ಲಿ ಬೇರೆಯವರು ಮುಂದೆ ಹೋದ್ರು. ಅದು ನನ್ನಿಂದ ಆದ ನಷ್ಟ, ಅವರ ಹತ್ರ ಹೋಗಿ ಹೇಳಿದ್ದೇನೆ, ಇಲ್ಲೂ ಹೇಳ್ತೇನೆ. ಅದೇ ನಾನು 2021ರಲ್ಲಿ ಕ್ಲಬ್‌ಹೌಸ್ ಅನ್ನೋ ಬರೀ ಮಾತಾಡೂ ಆ್ಯಪ್ ಇಲ್ಲಿ ಸುದ್ದಿಯಾದಾಗ, ಇದು ಬಿಡ್ಲಿಕ್ಕೆ ಆಗೂದಿಲ್ಲ ಅಂತ ಇನ್ನೊಬ್ಬರನ್ನ ಆರು ವಾರ ರಾತ್ರಿ ಕೂರ್ಸಿ ಮಾತಾಡ್ಸಿದೆ. ಒಂದು ಗಿರಾಕಿಯೂ ಬರ್ಲಿಲ್ಲ.

ಎರಡೂ ಸಲ ತಪ್ಪಿದ್ದು ಒಂದೇ ಕಡೆ. ಗಿರಾಕಿಗಳು ಎಲ್ಲಿದ್ದಾರೆ ಅಂತ ನಾನು ನೋಡ್ಲೇ ಇಲ್ಲ. 2020ರಲ್ಲಿ ಅಂಗಡಿಗೆ ಬರೂ ಹೆಂಗಸರು ಕೈಯಲ್ಲಿ ಫೋನ್ ಹಿಡಿದು ಈ ತರದ್ದು ಇದ್ಯಾ ಅಂತ ವಿಡಿಯೋ ತೋರಿಸ್ಲಿಕ್ಕೆ ಶುರು ಮಾಡಿದ್ರು, ಅದು ಕಣ್ಣೆದುರೇ ಇತ್ತು. ಕ್ಲಬ್‌ಹೌಸ್ ಬಗ್ಗೆ ನನಗೆ ಹೇಳಿದವರೆಲ್ಲ ನನ್ನ ಹಾಗೇ ಮಾರ್ಕೆಟಿಂಗ್ ಮಾಡೂವವರು, ಒಬ್ಬ ಗಿರಾಕಿಯೂ ಹೇಳ್ಲಿಲ್ಲ. ಯುಪಿಐ 2016ರಲ್ಲಿ ಬಂತಲ್ಲ, ನಿಮ್ಮ ಅಂಗಡಿಯಲ್ಲಿ ಕ್ಯೂಆರ್ ಹಾಕಿದ್ದು ಯಾಕೆ? ಗಿರಾಕಿಗಳು ಸ್ಕ್ಯಾನರ್ ಇದ್ಯಾ ಅಂತ ಕೇಳಿದ್ದಕ್ಕೆ. 2021ರ ಅಕ್ಟೋಬರಲ್ಲಿ ಫೇಸ್‌ಬುಕ್ ಕಂಪನಿ ತನ್ನ ಹೆಸರನ್ನೇ ಮೆಟಾ ಅಂತ ಬದ್ಲಾಯಿಸ್ತು, ಎಲ್ಲರೂ ಮೆಟಾವರ್ಸ್ ಅನ್ನೋ ಕಂಪ್ಯೂಟರಿನೊಳಗಿನ ಲೋಕದಲ್ಲಿ ಅಂಗಡಿ ಹಾಕ್ಬೇಕು ಅಂದ್ರು, ಅಲ್ಲಿ ಸೀರೆ ಸಿಗ್ತದಾ ಅಂತ ನಿಮ್ಮ ಹತ್ರ ಯಾರಾದ್ರೂ ಕೇಳಿದ್ರಾ?

ಇನ್ನು ಆ ಪಕ್ಕದ ಅಂಗಡಿ. ಅವರ ರೀಲ್ಸ್ ನಾನೂ ನೋಡಿದೆ, ರೀಲ್ಸ್ ಬಿಟ್ಟು ಉಳಿದದ್ದನ್ನೂ ನೋಡಿ. ಪ್ರತಿ ವಿಡಿಯೋದಲ್ಲಿ ರೇಟು ಬಾಯಿಬಿಟ್ಟು ಹೇಳ್ತಾರೆ, ಮೆಸೇಜ್ ಮಾಡಿ ಅಂತ ಸತಾಯಿಸೂದಿಲ್ಲ. ಸೆರಗು, ಬ್ಲೌಸ್ ಪೀಸು ಬಿಚ್ಚಿ ತೋರಿಸ್ತಾರೆ. ನಾನು ಮಧ್ಯಾಹ್ನ ಒಂದು ಮೆಸೇಜ್ ಹಾಕಿದೆ, ಇಪ್ಪತ್ತು ನಿಮಿಷಕ್ಕೆ ಉತ್ತರ ಬಂತು, ಬಣ್ಣ ಬಿಸಿಲಲ್ಲಿ ಹೇಗೆ ಕಾಣ್ತದೆ ಅಂತ ಹೊರಗೆ ತಂದು ಇನ್ನೊಂದು ಫೋಟೋ ಕಳಿಸಿದ್ರು. ನೀವು ಬೇಸಿಕ್ಸ್ ಅಂತ ಬೇಜಾರಿಂದ ಹೇಳಿದ್ದು ಇದನ್ನೇ. ಇದೆಲ್ಲ ಇಲ್ಲದೆ ಬರೀ ರೀಲ್ಸ್ ಮಾಡಿದ್ರೆ ಕುಮಟಾದ ಅಣ್ಣನ ಕಥೆ ಆಗ್ತದೆ, ಈ ಪುಟದ ಮೊದಲ ಪ್ರಶ್ನೆ ಓದಿ.

ನಮ್ಮ ಜಿಲ್ಲೆಯವರಿಗೆ ವೆನಿಲಾ ನೆನಪಿರ್ತದೆ. 2000ದಲ್ಲಿ ಮಡಗಾಸ್ಕರಲ್ಲಿ ಚಂಡಮಾರುತ ಬೀಸಿ ಅಲ್ಲಿಯ ಬೆಳೆ ಹಾಳಾಯ್ತು, 2003ರ ಸುಮಾರಿಗೆ ಹಸಿ ಬೀನ್ಸು ಕೆಜಿಗೆ 3 ಸಾವಿರ ದಾಟಿತು, ಶಿರಸಿ ಸಿದ್ದಾಪುರ ಕಡೆ ರಾತ್ರಿ ತೋಟ ಕಾಯ್ತಿದ್ರು, ಬೆಳಿಗ್ಗೆ ಎದ್ದು ಒಂದೊಂದು ಹೂವಿಗೂ ಕೈಯಲ್ಲೇ ಪರಾಗಸ್ಪರ್ಶ ಮಾಡ್ತಿದ್ರು. ಮೊದಲು ಹಾಕಿದವರು ದುಡ್ಡು ಮಾಡಿದ್ದು ನಿಜ, ಅವರನ್ನ ನೋಡಿ ನಗಾಡಿದವರು ಆಮೇಲೆ ಕೈ ಕೈ ಹಿಸುಕಿಕೊಂಡದ್ದೂ ನಿಜ. ಎರಡೇ ವರ್ಷದಲ್ಲಿ ರೇಟು ನೆಲ ಕಚ್ಚಿತು. ಅಡಿಕೆ ತೋಟದ ಮಧ್ಯ ಉಪಬೆಳೆ ಅಂತ ಬಳ್ಳಿ ಹಬ್ಬಿಸಿದವರು ಬಳ್ಳಿ ಕಿತ್ತು ಕಾಳುಮೆಣಸು ಹಬ್ಬಿಸಿದ್ರು, ಅಡಿಕೆ ಹಾಗೇ ಇತ್ತು. ಸಾಲ ತೆಗೆದು ಶೇಡ್‌ನೆಟ್ ಕಟ್ಟಿ ವೆನಿಲಾ ಒಂದೇ ಅಂತ ಹೊರಟವರ ಮನೆ ಕಥೆ ನಿಮಗೇ ಗೊತ್ತಿರಬಹುದು.

ನೀವು ರೀಲ್ಸ್ ಮಾಡಿ ಸರ್, ಖಂಡಿತ ಮಾಡಿ, ತಡ ಆಗಿದೆ ಆದ್ರೂ ಮಾಡಿ. ಚೌತಿಯಿಂದ ದೀಪಾವಳಿವರೆಗೆ ಒಂದು ಸೀಸನ್ ಅಂತ ಇಟ್ಕೊಳ್ಳಿ, ವಾರಕ್ಕೆ ಮೂರು, ಅಂಗಡಿಯಲ್ಲಿ ಕೆಲಸ ಮಾಡೂ ಹುಡುಗಿಯರಿಗೆ ಇಷ್ಟ ಇದ್ರೆ ಅವರೇ ಮಾತಾಡ್ಲಿ, ನಮ್ಮ ಕಾರವಾರದ ಕೊಂಕಣಿ ಕನ್ನಡ ಕಲಸಿದ ಮಾತೇ ಇರ್ಲಿ. ಆದ್ರೆ ಶುರು ಮಾಡೂ ಮೊದ್ಲೇ ಒಂದು ಚೀಟಿಯಲ್ಲಿ, ದೀಪಾವಳಿ ಹೊತ್ತಿಗೆ ಇಷ್ಟು ಆರ್ಡರ್ ಬಂದ್ರೆ ಮುಂದುವರಿಸ್ತೇನೆ, ಇಲ್ಲಾಂದ್ರೆ ಕಡಿಮೆ ಮಾಡ್ತೇನೆ ಅಂತ ಬರ್ದು ಗಲ್ಲಾಪೆಟ್ಟಿಗೆಯಲ್ಲಿ ಇಡಿ. ಸಂಖ್ಯೆ ಮೊದ್ಲೇ ಬರೀದಿದ್ರೆ ಆಮೇಲೆ ವ್ಯೂಸ್ ನೋಡಿ ಮನಸ್ಸು ಸಮಾಧಾನ ಮಾಡ್ಕೊಳ್ತದೆ, ನನ್ನ ಅನುಭವ ಅದು.

ಪ್ರಶ್ನೆ: ನಮ್ಮ ತೋಟದಲ್ಲಿ ಕರಿ ಇಶಾಡ್ ಮಾವು ಇದೆ. 2023ರಲ್ಲಿ ಜಿಐ ಸಿಕ್ಕಿದ ಮೇಲೆ ಹೊರಗಿನವರು ಕೇಳ್ತಿದ್ದಾರೆ. ಈ ಸಲ ಆನ್‌ಲೈನ್ ಮಾರುವಾ ಅಂತ, ಯಾವ ಆ್ಯಪ್ ಒಳ್ಳೇದು? (ಕೃಷಿಕರು, ಅಂಕೋಲಾ)

ಉತ್ತರ: ಆ್ಯಪ್ ಬೇಡ. ಬೇಗ ಹಾಳಾಗೂ ಹಣ್ಣು, ಸೀಸನ್ನೂ ಸಣ್ಣದು, ನಿಮ್ಮ ಹತ್ರ ಇರೂದು ಹದಿನೆಂಟು ಮರ. ಹೋದ ವರ್ಷ ಮನೆಗೆ ಬಂದು ತಗೊಂಡು ಹೋದವರ ನಂಬರ್ ನಿಮ್ಮ ಫೋನಲ್ಲಿ ಇದ್ದೇ ಇರ್ತದೆ, ಮರದಲ್ಲಿ ಹೂ ಬಿಟ್ಟಾಗ ಒಂದು ಫೋಟೋ ಕಳಿಸಿ, ಕಾಯಿ ಆದಾಗ ಇನ್ನೊಂದು, ಎಷ್ಟು ಡಜನ್ ಬೇಕು ಅಂತ ಏಪ್ರಿಲಲ್ಲೇ ಬರ್ಕೊಳ್ಳಿ, ಅರ್ಧ ದುಡ್ಡು ಮುಂಗಡ ತಗೊಳ್ಳಿ. ಹುಬ್ಬಳ್ಳಿಗೆ ಹೋಗೂ ಬಸ್ಸಲ್ಲಿ ಪಾರ್ಸಲ್ ಹಾಕಿದ್ರೆ ಎಷ್ಟು ಹಣ್ಣು ಸರಿ ಮುಟ್ತದೆ ಅಂತ ಮೊದ್ಲು ಒಂದೇ ಬಾಕ್ಸ್ ಹುಲ್ಲು ಹಾಸಿ ಕಳಿಸಿ ನೋಡಿ. ಅದು ಮುಟ್ಟಿದ ಮೇಲೆ ಹೇಗೆ ಬಂತು ಅಂತ ನನಗೂ ಬರೀರಿ, ಮುಂದಿನ ಸಲ ಹಾಕ್ತೇನೆ.